ಗರಿಯ ಬಣ್ಣ, ಪೊರೆಯ ಚಿತ್ತಾರ: ಆನುವಂಶಿಕತೆಯ ಒಂದು ಚರಿತ್ರೆ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸ ಹೆಸರೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಊರು ಇದು. ಬನವಾಸಿ ಪನ್ನಿರ್ಚ್ಛಾಸಿರದ ಆಡಳಿತ ಇಲ್ಲಿಂದ ನಡೆಯುತ್ತಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇಲ್ಲಿಯೇ, ಬಂಕೇಯನ ಮಗ ಲೋಕಾದಿತ್ಯನ ಕಾಲದಲ್ಲಿ. ಗಂಗರ ಮಾರಸಿಂಹ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದೂ ಇಲ್ಲಿಯೇ. ಆದರೆ ಈ ಲೇಖನ ಆ ಅರಸರನ್ನು ಕುರಿತದ್ದಲ್ಲ. ಅವರು ಬಿಟ್ಟುಹೋದ ಕೋಟೆಯೊಳಗೆ ಇಂದು ವಾಸವಾಗಿರುವ ಎರಡು ಜೀವಿಗಳಿಂದ ನಮ್ಮ ವಿಷಯ ಆರಂಭವಾಗುತ್ತದೆ.

ಒಂದು, ಪಶುಸಂಗೋಪನಾ ಇಲಾಖೆಯ ತಳಿ ಸಂವರ್ಧನಾ ಕೇಂದ್ರದ ಖಿಲಾರಿ ದನಗಳು. ಇನ್ನೊಂದು, ಆ ದನಗಳ ಮೇವಿನ ಹೊಲವನ್ನೂ ಕಂದಕದ ಪೊದೆಗಳನ್ನೂ ಆಶ್ರಯಿಸಿ ತಾವಾಗಿಯೇ ಬೆಳೆದುಕೊಂಡ ನವಿಲುಗಳು. ಸುಮಾರು 139 ಎಕರೆಯ ಈ ಆವರಣವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಒಂದೇ ಕೋಟೆಯ ಗೋಡೆಯೊಳಗೆ ಬಣ್ಣದ ಎರಡು ಚರಿತ್ರೆಗಳಿವೆ. ದನದ ಬಣ್ಣವನ್ನು ಮನುಷ್ಯ ತಲೆಮಾರುಗಳ ಕಾಲ ಆರಿಸುತ್ತ ಬಂದಿದ್ದಾನೆ. ನವಿಲಿನ ಬಣ್ಣವನ್ನು ಆರಿಸಿದ್ದು ಹೆಣ್ಣುನವಿಲು ಎಂದು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಬರೆದ.

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಬಿಳಿ ನವಿಲನ್ನು ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ: ಇದು ಬೇರೆ ಜಾತಿಯ ಪಕ್ಷಿಯೇ, ಅಥವಾ ನಮ್ಮ ನೀಲಿ ನವಿಲಿನ ಹೊಟ್ಟೆಯಲ್ಲಿಯೇ ಹುಟ್ಟಿದ್ದೇ? ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಗೆ ಖಚಿತ ಉತ್ತರ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದೇ ಉತ್ತರ ಇಂದು ದನಕ್ಕೂ, ರೇಷ್ಮೆ ಹುಳುವಿಗೂ, ಹುಲಿಗೂ, ಕೊನೆಗೆ ಆಫ್ರಿಕದ ಹೆಬ್ಬಾವಿಗೂ ಅನ್ವಯಿಸುತ್ತದೆ. ಭಾಷಣದ ಅವಧಿಯಲ್ಲಿ ಹೇಳಲು ಸಾಧ್ಯವಾಗದೆ ಉಳಿದ ವಿವರಗಳನ್ನು ಇಲ್ಲಿ ಕೊಟ್ಟಿದೆ.

ಮೊದಲು ದನದ ಮಾತು. ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ದೀಪಾವಳಿಯ ಬಲಿಪಾಡ್ಯಮಿಯಿಂದ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುವುದನ್ನು ನೀವು ನೋಡಿರುತ್ತೀರಿ. ಕೊರಳಲ್ಲಿ ಕೊಬ್ಬರಿಯ ಸರ, ಕೋಡಿನ ನಡುವೆ ಬಲೂನಿನ ಗುಚ್ಛ ಕಟ್ಟಿಕೊಂಡು ಓಡುವ ಹೋರಿಯನ್ನು ಸಾಕುವವರು ಅದರ ಬಣ್ಣ, ಸುಳಿ, ಕೋಡು, ಗೊರಸು ಎಲ್ಲವನ್ನೂ ಬಾಯಿಪಾಠ ಹೇಳಬಲ್ಲರು. ಕಾರಿ, ಕೆಂದ, ಹಂಡಬಂಡ ಎಂದು ಬಣ್ಣಕ್ಕೂ ಚಿತ್ತಾರಕ್ಕೂ ನಮ್ಮ ರೈತರಲ್ಲಿ ಶಬ್ದಗಳಿವೆ. ಖಿಲಾರಿ ಕರು ಹುಟ್ಟಿದಾಗ ಅದರ ನೆತ್ತಿಯ ಮೇಲೆ ಇಟ್ಟಿಗೆಯ ತುಕ್ಕಿನಂಥ ಕೆಂಪು ಇರುತ್ತದೆ. ಒಂದೆರಡು ತಿಂಗಳಲ್ಲಿ ಅದು ಮಾಯವಾಗಿ ಮೈ ಬಿಳಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ. ದನ ಕಟ್ಟಿದವರಿಗೆ ಇದು ಗೊತ್ತು. ಕರುವಿನ ಬಣ್ಣ ತಂದೆಯಿಂದ ಬಂತೋ ತಾಯಿಯಿಂದ ಬಂತೋ ಎಂಬ ಚರ್ಚೆಯೂ ಕೊಟ್ಟಿಗೆಯಲ್ಲಿ ನಡೆಯುತ್ತದೆ. ನಡೆಯದೆ ಇದ್ದದ್ದು ಒಂದೇ, ಲೆಕ್ಕ. ಎಷ್ಟು ಕರುಗಳಲ್ಲಿ ಎಷ್ಟು ಯಾವ ಬಣ್ಣದವು ಎಂದು ತಲೆಮಾರುಗಟ್ಟಲೆ ಎಣಿಸಿ ಬರೆದಿಟ್ಟವರಿಲ್ಲ. ಯುರೋಪಿನಲ್ಲಿಯೂ ಬಹುಕಾಲ ಎಣಿಸಿದವರು ಇರಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಇನ್ನು ನವಿಲು. ಅದರ ಕೊರಳಿನ ನೀಲಿ ಒಂದು ನೀಲಿ ದ್ರವ್ಯದಿಂದ ಬಂದದ್ದಲ್ಲ. ನವಿಲುಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ, ಕಂದು ಬಣ್ಣದ ಪುಡಿ ಸಿಗುತ್ತದೆ. ಗರಿಯ ಎಳೆಗಳಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಸೂಕ್ಷ್ಮ ಕಡ್ಡಿಗಳು ಜಾಲರಿಯಂತೆ ಜೋಡಿಸಿಕೊಂಡಿವೆ. ಕಡ್ಡಿಗಳ ನಡುವಣ ಅಂತರ ಇಷ್ಟಿದ್ದರೆ ನೀಲಿ, ತುಸು ಹೆಚ್ಚಾದರೆ ಹಸಿರು, ಇನ್ನೂ ಹೆಚ್ಚಾದರೆ ಹಳದಿ, ಕಂದು. ಚೀನಾದ ಭೌತವಿಜ್ಞಾನಿಗಳು 2003ರಲ್ಲಿ ಈ ಅಂತರಗಳನ್ನು ಅಳೆದು ತೋರಿಸಿದರು. ಈ ಬಗೆಯ ವಿಚಾರಣೆಗೆ ಕರ್ನಾಟಕದಲ್ಲಿ ಹಳೆಯ ಬೇರು ಉಂಟು. ಸಿ.ವಿ. ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮರುವರ್ಷ, 1934ರಲ್ಲಿ, ಪಕ್ಷಿಗಳ ಗರಿಯ ಬಣ್ಣವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅವರು ಕೈಗೆತ್ತಿಕೊಂಡದ್ದು ನೀಲಕಂಠದ ಗರಿ. ಇಂದು ನಮ್ಮ ರಾಜ್ಯಪಕ್ಷಿಯಾಗಿರುವುದು ಅದೇ.

ಹಾಗಾದರೆ ಬಿಳಿ ನವಿಲು? ಅದರ ಗರಿಗಳಿಗೆ ಮೆಲನಿನ್ ತಲುಪುವುದೇ ಇಲ್ಲ. ಕಡ್ಡಿಗಳಿಲ್ಲದ ಮೇಲೆ ಜಾಲರಿ ಎಲ್ಲಿಯದು? ಬಿದ್ದ ಬೆಳಕೆಲ್ಲ ಚದುರಿ ಬಿಳಿಯಾಗಿ ಮರಳುತ್ತದೆ. ಆದರೂ ಅದು ಗರಿ ಬಿಚ್ಚಿ ನಿಂತಾಗ ಸೂಕ್ಷ್ಮವಾಗಿ ನೋಡಿದರೆ ಕಣ್ಣುಗಳ ಗುರುತು ಬಿಳಿಯ ಮೇಲೆ ಬಿಳಿಯಾಗಿ ಕಾಣುತ್ತದೆ. ಚಿತ್ತಾರದ ನಕ್ಷೆ ಇದೆ, ಬಣ್ಣ ತುಂಬಿಲ್ಲ ಅಷ್ಟೆ. ಇನ್ನೊಂದು ಸಂಗತಿ: ಬಿಳಿ ನವಿಲಿನ ಕಣ್ಣು ಕೆಂಪಲ್ಲ. ಕಣ್ಣಿನಲ್ಲಿ ವರ್ಣದ್ರವ್ಯ ಇದ್ದೇ ಇದೆ. ಆದ್ದರಿಂದ ಇದನ್ನು ಅಲ್ಬಿನೊ ಎನ್ನುವುದು ಸರಿಯಲ್ಲ. ಬಣ್ಣ ಬೇರೆ, ಚಿತ್ತಾರ ಬೇರೆ, ಎರಡನ್ನೂ ನಡೆಸುವ ವಂಶವಾಹಿಗಳು ಬೇರೆ ಬೇರೆ ಎಂಬ ಮಾತನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು.

ನವಿಲು ಭಾರತದಿಂದ ಪಶ್ಚಿಮಕ್ಕೆ ಹೋದದ್ದು ಬಹು ಪ್ರಾಚೀನ ಕಾಲದಲ್ಲಿ. ಬಾವೇರು ಜಾತಕದಲ್ಲಿ ವರ್ತಕರು ನವಿಲನ್ನು ಹಡಗಿನಲ್ಲಿ ಬಾವೇರು ದೇಶಕ್ಕೆ ಒಯ್ಯುವ ಕಥೆಯಿದೆ. ಬಾವೇರು ಎಂದರೆ ಬ್ಯಾಬಿಲೋನ್ ಎಂದು ವಿದ್ವಾಂಸರ ಮತ. ಹೀಬ್ರೂ ಬೈಬಲಿನಲ್ಲಿ ನವಿಲಿಗಿರುವ ‘ತುಕ್ಕಿ’ ಎಂಬ ಶಬ್ದ ತಮಿಳಿನ ‘ತೋಗೈ’ಯಿಂದ ಬಂದಿರಬೇಕೆಂದು ಕಾಲ್ಡ್‌ವೆಲ್ ವಾದಿಸಿದ. ಗರಿ ಅಥವಾ ಬಾಲವೆಂಬ ಅರ್ಥದ ಕನ್ನಡದ ‘ತೋಕೆ’ ಇದರ ಸೋದರ ಶಬ್ದ. ಹೀಗೆ ಹೋದ ನವಿಲು ಇಂಗ್ಲೆಂಡಿನ ಶ್ರೀಮಂತರ ಉದ್ಯಾನಗಳಲ್ಲಿ ಸಾಕುಪಕ್ಷಿಯಾಯಿತು. ಅಲ್ಲಿ ನೀಲಿಯ ಜೊತೆಗೆ ಬಿಳಿ, ಹಂಡಬಂಡ ನವಿಲುಗಳೂ ಇದ್ದವು. ಇವುಗಳ ನಡುವೆ ಆಗಾಗ ಮತ್ತೊಂದು ಬಗೆ ತಲೆಯೆತ್ತುತ್ತಿತ್ತು. ಸಾಮಾನ್ಯ ಗಂಡು ನವಿಲಿನ ಮಡಿಸಿದ ರೆಕ್ಕೆಯ ಮೇಲೆ ಕಂದು-ಬಿಳಿ ಅಡ್ಡಗೆರೆಗಳಿರುತ್ತವೆಯಷ್ಟೆ. ಈ ಬಗೆಯಲ್ಲಿ ಗೆರೆಗಳು ಅಳಿಸಿ ರೆಕ್ಕೆ ಕಡುಗಪ್ಪಾಗಿ ಹೊಳೆಯುತ್ತಿತ್ತು. ಇದರ ಹೆಣ್ಣಾದರೋ ತೀರ ಬಿಳಚು.

ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಸ್ಕ್ಲೇಟರ್ 1860ರಲ್ಲಿ ಈ ಕಪ್ಪುಭುಜದ ನವಿಲಿಗೆ ‘ಪಾವೊ ನೈಗ್ರಿಪೆನ್ನಿಸ್’ ಎಂದು ಹೊಸ ಹೆಸರಿಟ್ಟು, ಇದು ಪ್ರತ್ಯೇಕ ಜಾತಿ, ಎಲ್ಲಿಯೋ ಒಂದು ದೇಶದ ಕಾಡಿನಲ್ಲಿ ಸಿಕ್ಕೀತು ಎಂದ. ಡಾರ್ವಿನ್ ಒಪ್ಪಲಿಲ್ಲ. ಸಾಕುಪ್ರಾಣಿ ಮತ್ತು ಸಸ್ಯಗಳಲ್ಲಿ ಆಗುವ ವ್ಯತ್ಯಾಸಗಳನ್ನು ಕುರಿತ 1868ರ ಗ್ರಂಥದಲ್ಲಿ ಆತ ಈ ಪ್ರಶ್ನೆಯನ್ನು ವಕೀಲನಂತೆ ವಿಚಾರಿಸಿದ್ದಾನೆ. ಯಾರ ಉದ್ಯಾನದಲ್ಲಿ, ಯಾವ ಹಿಂಡಿನಲ್ಲಿ ಕಪ್ಪುಭುಜದ ಮರಿಗಳು ಹುಟ್ಟಿದವು ಎಂದು ಪತ್ರ ಬರೆದು ವಿಚಾರಿಸಿ, ಸಾಮಾನ್ಯ ನವಿಲುಗಳೇ ಇದ್ದ ಹಿಂಡಿನಲ್ಲಿ ಇವು ಏಕಾಏಕಿ ಕಾಣಿಸಿಕೊಂಡ ನಿದರ್ಶನಗಳನ್ನು ಒಟ್ಟುಹಾಕಿದ. ನೀಲಿ ನವಿಲಿನ ಗೂಡಿನಲ್ಲಿಯೇ ಹುಟ್ಟುವುದಾದರೆ ಅದು ಬೇರೆ ಜಾತಿಯಾಗುವುದು ಹೇಗೆ? ವಾದ ಸರಿಯಾಗಿತ್ತು. ಆದರೆ ಅವನ ವರದಿಯಲ್ಲಿಯೇ ಅವನಿಗೆ ಬಿಡಿಸಲಾಗದ ಒಂದು ಗಂಟು ಉಳಿಯಿತು. ಟ್ರೆವೆಲಿಯನ್ ಎಂಬವರ ಹಿಂಡಿನಲ್ಲಿ ಕಪ್ಪುಭುಜದ ಪಕ್ಷಿಗಳು ಗಾತ್ರದಲ್ಲಿ ಚಿಕ್ಕವು, ಜಗಳದಲ್ಲಿ ಸಾಮಾನ್ಯ ನವಿಲಿಗೆ ಸೋಲುವವು. ಆದರೂ ಅವೇ ಹೆಚ್ಚುತ್ತ ಹೋಗಿ ಮೊದಲಿನ ಬಗೆಯೇ ಇಲ್ಲವಾಯಿತು. ಸೋಲುವ ಪಕ್ಷಿ ಗೆದ್ದದ್ದು ಹೇಗೆ? ಈ ಗಂಟಿಗೆ ನಾವು ಕೊನೆಯಲ್ಲಿ ಮರಳುತ್ತೇವೆ.

ತಂದೆತಾಯಿಯರ ಗುಣಗಳು ಮಕ್ಕಳಲ್ಲಿ ಹಾಲು-ನೀರಿನಂತೆ ಬೆರೆಯುತ್ತವೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಹಾಗೆ ಬೆರೆಯುವುದಾದರೆ ನೀಲಿ ನವಿಲುಗಳಿಗೆ ಅಚ್ಚ ಬಿಳಿ ಮರಿ ಹುಟ್ಟುವಂತೆಯೇ ಇಲ್ಲ. ಇದಕ್ಕೆ ಉತ್ತರ ಆಗಲೇ ಅಚ್ಚಾಗಿತ್ತು ಎಂಬುದು ವಿಜ್ಞಾನ ಚರಿತ್ರೆಯ ಒಂದು ವ್ಯಂಗ್ಯ. ಬ್ರುನ್ ಪಟ್ಟಣದ ಮಠದಲ್ಲಿ ಗ್ರೆಗೊರ್ ಮೆಂಡೆಲ್ ಬಟಾಣಿ ಬೆಳೆದು, ಎಣಿಸಿ, 1865ರಲ್ಲಿ ಓದಿದ ಪ್ರಬಂಧ 1866ರಲ್ಲಿ ಪ್ರಕಟವಾಯಿತು. ಡಾರ್ವಿನ್ ಅದನ್ನು ಓದಲಿಲ್ಲ. ಹಳದಿ ಕಾಳಿನ ಗಿಡವನ್ನು ಹಸಿರು ಕಾಳಿನ ಗಿಡದೊಡನೆ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ಹಳದಿ. ಎರಡನೆಯ ತಲೆಮಾರಿನಲ್ಲಿ 6,022 ಹಳದಿ, 2,001 ಹಸಿರು. ಸುಮಾರಾಗಿ ಮೂರಕ್ಕೆ ಒಂದು. ಹಸಿರು ಬೆರೆತು ಹೋಗಿರಲಿಲ್ಲ, ಒಂದು ತಲೆಮಾರು ಅಡಗಿ ಕುಳಿತಿತ್ತು.

ಪ್ರತಿ ಗುಣಕ್ಕೂ ಪ್ರಾಣಿಯಲ್ಲಿ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಪ್ರತಿ ಇದ್ದರೂ ತನ್ನನ್ನು ತೋರಿಸಿಕೊಳ್ಳುವುದು ಪ್ರಬಲ ಗುಣ. ಎರಡು ಪ್ರತಿ ಸೇರಿದಾಗ ಮಾತ್ರ ಕಾಣಿಸುವುದನ್ನು ನಮ್ಮ ಪಠ್ಯಪುಸ್ತಕಗಳು ‘ದುರ್ಬಲ’ ಎನ್ನುತ್ತವೆ. ಈ ಶಬ್ದ ನನಗೆ ಅಷ್ಟು ಒಪ್ಪಿಗೆಯಿಲ್ಲ. ಹತ್ತು ತಲೆಮಾರು ಕಾದು ಕುಳಿತು ಹನ್ನೊಂದನೆಯದರಲ್ಲಿ ಚೂರೂ ಮಾಸದೆ ಎದ್ದು ನಿಲ್ಲುವುದನ್ನು ದುರ್ಬಲವೆನ್ನುವುದು ಹೇಗೆ? ಅಡಗಿದ ಗುಣ ಎಂದರೆ ಸಾಕು.

ಮೆಂಡೆಲನ ಪ್ರಬಂಧ 1900ರಲ್ಲಿ ಮತ್ತೆ ಬೆಳಕಿಗೆ ಬಂತು. ಪ್ರಾಣಿಗಳಿಗೂ ಈ ನಿಯಮ ಸಲ್ಲುತ್ತದೆಂದು ಇಂಗ್ಲೆಂಡಿನ ಬೇಟ್ಸನ್ ಕೋಳಿಗಳಲ್ಲಿ, ಫ್ರಾನ್ಸಿನ ಕ್ಯೂನೊ ಇಲಿಗಳಲ್ಲಿ 1902ರ ವೇಳೆಗೆ ತೋರಿಸಿದರು. ನಮಗೆ ಇವರಿಗಿಂತ ಹತ್ತಿರದವನು ಜಪಾನಿನ ತೋಯಾಮಾ ಕಮೆತಾರೊ. ಸಯಾಮಿನ ಸರಕಾರದ ಕರೆಯ ಮೇಲೆ ಆ ದೇಶಕ್ಕೆ ಹೋಗಿದ್ದ ಈತ ಅಲ್ಲಿನ ಹಳದಿ ಗೂಡಿನ ರೇಷ್ಮೆ ಹುಳುವನ್ನೂ ಜಪಾನಿನ ಬಿಳಿ ಗೂಡಿನ ಹುಳುವನ್ನೂ ಕೂಡಿಸಿದ. ಮೊದಲ ತಲೆಮಾರಿನ ಗೂಡುಗಳೆಲ್ಲ ಹಳದಿ. ಎರಡನೆಯದರಲ್ಲಿ ಮೂರು ಹಳದಿಗೆ ಒಂದು ಬಿಳಿ. ಹುಳುವಿನ ಮೈಮೇಲಿನ ಪಟ್ಟೆ, ಮಚ್ಚೆಗಳೂ ಇದೇ ಲೆಕ್ಕಕ್ಕೆ ಒಳಪಟ್ಟವು. ಇದನ್ನು ಆತ 1906ರಲ್ಲಿ ಪ್ರಕಟಿಸಿದ. ಯುರೋಪಿನ ಕೆಲವು ಬಿಳಿ ಗೂಡಿನ ತಳಿಗಳೊಡನೆ ಕೂಡಿಸಿದಾಗ ಮಾತ್ರ ಫಲ ತಿರುವುಮುರುವಾಗಿ, ಬಿಳಿಯೇ ಪ್ರಬಲವಾಯಿತು. ಕಣ್ಣಿಗೆ ಒಂದೇ ಆಗಿ ಕಾಣುವ ಬಿಳಿಯ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು ಎಂಬ ಎಚ್ಚರಿಕೆ ಅಲ್ಲಿಯೇ ಸಿಕ್ಕಿತು.

ಈ ಪ್ರಯೋಗ ನಮ್ಮ ರೈತನ ಚಂದ್ರಿಕೆಯ ಮೇಲೆ ಪ್ರತಿ ಬೆಳೆಯಲ್ಲಿಯೂ ನಡೆಯುತ್ತದೆ. ಟಿಪ್ಪುವಿನ ಕಾಲದಿಂದ ಬೆಳೆದುಬಂದ ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಎನ್‌ಬಿ4ಡಿ2 ಎಂಬ ದ್ವಿತಳಿಯ ಗೂಡು ಬಿಳಿ. ಇವೆರಡನ್ನೂ ಕೂಡಿಸಿದ ಮಿಶ್ರತಳಿಯ ಗೂಡು ಹಳದಿ ಛಾಯೆಯದು. ಮಾರುಕಟ್ಟೆಯಲ್ಲಿ ರಾಶಿ ನೋಡಿದರೆ ಸಾಕು, ಯಾವುದು ಮಿಶ್ರತಳಿ, ಯಾವುದು ದ್ವಿತಳಿ ಎಂದು ಹುಡುಗರೂ ಹೇಳುತ್ತಾರೆ. ಮಿಶ್ರತಳಿಯ ಗೂಡಿನಿಂದಲೇ ಮೊಟ್ಟೆ ಮಾಡಿಕೊಂಡು ಮತ್ತೆ ಮೇಯಿಸಬಾರದೇಕೆ ಎಂಬುದಕ್ಕೂ ಕಾರಣ ಇದೇ. ಎರಡನೆಯ ತಲೆಮಾರಿನಲ್ಲಿ ಅಡಗಿದ್ದೆಲ್ಲ ಹೊರಬಿದ್ದು ಗೂಡುಗಳು ಒಂದರಂತೆ ಒಂದಿರುವುದಿಲ್ಲ. ಹಿರೇಕೆರೂರು, ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಲ್ಲಿ ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸುವ ಹೆಣ್ಣುಮಕ್ಕಳಿಗೂ ಈ ಮಾತು ಹೇಳಿಕೊಡಬೇಕಾಗಿಲ್ಲ.

ನವಿಲಿನ ಲೆಕ್ಕ ಮಾತ್ರ ತಡವಾಗಿ ಬಂತು. ವರ್ಷಕ್ಕೆ ಕೆಲವೇ ಮೊಟ್ಟೆಯಿಡುವ, ಗಂಡು ತನ್ನ ಪೂರ್ಣ ಗರಿ ತಳೆಯಲು ಮೂರು ವರ್ಷ ಹಿಡಿಯುವ ಪಕ್ಷಿಯೊಡನೆ ತಳಿಪ್ರಯೋಗ ನಡೆಸಲು ತಾಳ್ಮೆ ಬೇಕು. ಅಮೆರಿಕದ ಸೋಮ್ಸ್ ಮತ್ತು ಬರ್ಗರ್ ಎಂಬ ವಿಜ್ಞಾನಿಗಳು ಕ್ರಮವಾಗಿ ಕೂಡಿಸಿ, ಎಣಿಸಿ, 1991 ಮತ್ತು 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪುಭುಜ ಒಂದೇ ವಂಶವಾಹಿಯ ಅಡಗಿದ ಗುಣ. ಸ್ಕ್ಲೇಟರ್‌ನ ಹೊಸ ಜಾತಿ ಎಂದರೆ ಇಷ್ಟೆ. ಡಾರ್ವಿನ್ ಹೇಳಿದ್ದೇ ಸರಿ. ಹಂಡಬಂಡ ನವಿಲಿನ ಸಂಗತಿ ಇನ್ನೂ ಸ್ವಾರಸ್ಯಕರ. ಎರಡು ಹಂಡಬಂಡ ನವಿಲುಗಳನ್ನು ಕೂಡಿಸಿದರೆ ಮರಿಗಳೆಲ್ಲ ಹಂಡಬಂಡವಾಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಒಂದು ಬಿಳಿ, ಎರಡು ಹಂಡಬಂಡ, ಒಂದು ಬಣ್ಣದ್ದು. ಏಕೆಂದರೆ ಹಂಡಬಂಡವೆಂಬುದೇ ಎರಡು ಬೇರೆ ಬೇರೆ ಪ್ರತಿಗಳ ಸಹವಾಸದ ಫಲ. ಅದನ್ನು ಶುದ್ಧ ತಳಿಯಾಗಿ ನಿಲ್ಲಿಸಲು ಯಾವ ಸಾಕಣೆಗಾರನಿಗೂ ಸಾಧ್ಯವಿಲ್ಲ.

ಇದೇ ಸಂಶೋಧಕರು ಕ್ಯಾಮಿಯೊ ಎಂಬ ಕಂದು ಬಣ್ಣದ ನವಿಲನ್ನೂ ಪರೀಕ್ಷಿಸಿದರು. ಕ್ಯಾಮಿಯೊ ಗಂಡನ್ನು ನೀಲಿ ತಳಿಯ ಹೆಣ್ಣಿನೊಡನೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಕ್ಯಾಮಿಯೊ, ಗಂಡುಮರಿಗಳೆಲ್ಲ ನೀಲಿ. ಅಪ್ಪನ ಬಣ್ಣ ಮಗಳಿಗೆ. ಇದಕ್ಕೆ ಕಾರಣ ಲಿಂಗ ನಿರ್ಧರಿಸುವ ವರ್ಣತಂತುಗಳು. ಮನುಷ್ಯನಲ್ಲಿ ಗಂಡಿಗೆ ಎಕ್ಸ್ ಮತ್ತು ವೈ, ಹೆಣ್ಣಿಗೆ ಎರಡು ಎಕ್ಸ್. ಪಕ್ಷಿಗಳಲ್ಲಿ ಇದು ತಲೆಕೆಳಗು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಹೆಣ್ಣುಮರಿಗೆ ಸಿಗುವ ಒಂದೇ ಝಡ್ ತಂದೆಯದು. ಅದರಲ್ಲಿ ಏನಿದೆಯೋ ಅದೇ ಅವಳ ಬಣ್ಣ. ಮರೆಮಾಡಲು ಇನ್ನೊಂದು ಪ್ರತಿ ಇಲ್ಲ. ರೇಷ್ಮೆ ಹುಳುವಿನ ವ್ಯವಸ್ಥೆಯೂ ನವಿಲಿನಂತೆಯೇ.

ಈಗ ಹೆಬ್ಬಾವಿನ ಮಾತಿಗೆ ಬರೋಣ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿಗಳು, ಉಳಿದ 55 ಬೇರೆ ಬೇರೆ ಬಣ್ಣದ ಬಾಲ್ ಪೈಥಾನ್‌ಗಳು. ಇದು ಘಾನಾ, ಟೋಗೊ, ಬೆನಿನ್ ಮುಂತಾದ ದೇಶಗಳ ಚಿಕ್ಕ ಹೆಬ್ಬಾವು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು. ಸವಣೂರಿನ ದೊಡ್ಡಹುಣಸೆ ಮರಗಳ ತವರೂ ಆಫ್ರಿಕವೇ. ಆ ಮರಗಳು ಯಾವ ಕಾಲದಲ್ಲಿಯೋ ಬಂದು ಬೇರೂರಿ ಊರಿನ ಹಿರಿಯರಂತೆ ನಿಂತಿವೆ. ಸೂಟ್‌ಕೇಸಿನಲ್ಲಿ ತುರುಕಿ ತಂದ ಹಾವಿನ ಕಥೆ ಹಾಗಲ್ಲ.

ಒಂದೇ ಜಾತಿಯ ಹಾವಿನಲ್ಲಿ ಇಷ್ಟು ಬಣ್ಣಗಳು ಬಂದದ್ದು ಹೇಗೆ? ಕಾಡಿನಲ್ಲಿ ಅಪರೂಪಕ್ಕೆ ಸಿಕ್ಕ ಒಂದೊಂದು ವಿಚಿತ್ರ ಹಾವನ್ನು ಹಿಡಿದು ತಂದು ಅಮೆರಿಕದ ಸಾಕಣೆಗಾರರು ಮರಿ ಮಾಡಿಸಿದರು. ಅಲ್ಬಿನೊ ಬಾಲ್ ಪೈಥಾನ್ ಸಾಕಣೆಯಲ್ಲಿ ಹುಟ್ಟಿದ್ದು 1992ರಲ್ಲಿ. ಹಾವಿನ ಚರ್ಮದಲ್ಲಿ ಕಪ್ಪು-ಕಂದು ಕೊಡುವ ಕೋಶ ಬೇರೆ, ಹಳದಿ ಕೊಡುವ ಕೋಶ ಬೇರೆ. ಆದ್ದರಿಂದ ಅಲ್ಬಿನೊ ಹೆಬ್ಬಾವು ಬಿಳಿಯಲ್ಲ, ಹಳದಿ-ಬಿಳಿ. ಕಪ್ಪು ಮಾತ್ರ ಕಳೆದಿರುತ್ತದೆ, ಚಿತ್ತಾರ ಹಾಗೆಯೇ ಉಳಿಯುತ್ತದೆ. ಮಿಚಿಗನ್ನಿನ ಒಂದು ವಿಶ್ವವಿದ್ಯಾಲಯದ ಸಂಶೋಧಕರು ಸಾಕಣೆಗಾರರಿಂದ ಹಾವು ಬಿಟ್ಟ ಪೊರೆಗಳನ್ನು ಅಂಚೆಯಲ್ಲಿ ತರಿಸಿಕೊಂಡು, ಅವುಗಳಿಂದ ಡಿಎನ್‌ಎ ತೆಗೆದು, ಅಲ್ಬಿನೊವನ್ನು ಹೋಲುವ ಮೂರು ಬಗೆಗಳಿಗೆ ಮೂರು ಬೇರೆ ವಂಶವಾಹಿಗಳು ಕಾರಣವೆಂದು 2022ರಲ್ಲಿ ತೋರಿಸಿದರು. ಹಾವಿಗೆ ಸೂಜಿ ಚುಚ್ಚಬೇಕಾಗಲಿಲ್ಲ. ಮೂರೂ ಬೇರೆಯಾದ್ದರಿಂದ ಎರಡು ಬಗೆಯ ಮಸುಕು ಹಾವುಗಳನ್ನು ಕೂಡಿಸಿದರೆ ಕಡುಬಣ್ಣದ ಸಾಮಾನ್ಯ ಮರಿಗಳೇ ಹುಟ್ಟುತ್ತವೆ. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ತುಂಬಿಕೊಡುತ್ತಾರೆ.

ಇನ್ನೊಂದು ಸಂಗತಿಯಂತೂ ಪಠ್ಯಪುಸ್ತಕವನ್ನೇ ತಿದ್ದಿಸಿತು. ಹಾವುಗಳೆಲ್ಲ ಪಕ್ಷಿಗಳಂತೆ ಝಡ್-ಡಬ್ಲ್ಯು ವ್ಯವಸ್ಥೆಯವು ಎಂದು ಐವತ್ತು ವರ್ಷ ನಂಬಲಾಗಿತ್ತು. ಆದರೆ ‘ಕೋರಲ್ ಗ್ಲೋ’ ಎಂಬ ಬಣ್ಣದ ಬಾಲ್ ಪೈಥಾನ್‌ಗಳಲ್ಲಿ ಕೆಲವು ಗಂಡುಗಳು ಆ ಬಣ್ಣವನ್ನು ಹೆಚ್ಚಾಗಿ ಗಂಡುಮರಿಗಳಿಗೇ ಕೊಡುತ್ತವೆ ಎಂದು ಸಾಕಣೆಗಾರರ ದಾಖಲೆಗಳು ಹೇಳುತ್ತಿದ್ದವು. ಬಣ್ಣ ತಂದೆಯಿಂದ ಮಗನಿಗೆ ಹೋಗಬೇಕಾದರೆ ಅದು ವೈ ವರ್ಣತಂತುವಿನ ಮೇಲಿರಬೇಕು. 2017ರಲ್ಲಿ ಹೆಬ್ಬಾವು ಮತ್ತು ಬೋವಾಗಳಲ್ಲಿ ಎಕ್ಸ್-ವೈ ವ್ಯವಸ್ಥೆಯಿದೆ ಎಂಬುದು ಡಿಎನ್‌ಎಯಿಂದಲೂ ದೃಢಪಟ್ಟಿತು. ಮೆಂಡೆಲನಂತೆ ಎಣಿಸಿ ಬರೆದಿಟ್ಟವರಿಗೆ ಸಂದ ಫಲ ಇದು. ಆದರೆ ಇದೇ ಹವ್ಯಾಸಕ್ಕೆ ಇನ್ನೊಂದು ಮುಖವೂ ಇದೆ. ಜೇಡರಬಲೆಯಂಥ ಚಿತ್ತಾರಕ್ಕಾಗಿ ‘ಸ್ಪೈಡರ್’ ಎಂದು ಮಾರಾಟವಾಗುವ ಹಾವುಗಳ ತಲೆ ನಡುಗುತ್ತದೆ, ಓಲುತ್ತದೆ, ಕೆಲವೊಮ್ಮೆ ಅಂಗಾತ ತಿರುಗುತ್ತದೆ. ಚಿತ್ತಾರದ ವಂಶವಾಹಿಯ ಜೊತೆಯಲ್ಲಿಯೇ ಈ ನಡುಕವೂ ಬರುತ್ತದೆ. ಚೆಲುವಾದದ್ದೆಂದು ಗೊತ್ತಿದ್ದೂ ಅದನ್ನೇ ಮತ್ತೆ ಮತ್ತೆ ಹುಟ್ಟಿಸುವುದನ್ನು ನಾನು ವಿಜ್ಞಾನವೆಂದು ಕರೆಯಲಾರೆ. ನಮ್ಮ ದೇಶದಲ್ಲಿ 2022ರ ತಿದ್ದುಪಡಿಯ ನಂತರ ಇಂಥ ವಿದೇಶಿ ಪ್ರಾಣಿಗಳೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ ಸೇರಿ, ಇಟ್ಟುಕೊಂಡವರು ನೋಂದಾಯಿಸುವುದು ಕಡ್ಡಾಯವಾಯಿತು. ನಮ್ಮದೇ ಹೆಬ್ಬಾವು, ನಮ್ಮದೇ ನವಿಲು ಮೊದಲ ಅನುಸೂಚಿಯವು. ಅವುಗಳನ್ನು ಮನೆಯಲ್ಲಿ ಸಾಕುವಂತೆಯೇ ಇಲ್ಲ.

ಬಣ್ಣದ ಹಿಂದೆ ಬಿದ್ದ ಕಥೆ ನಮ್ಮ ದೇಶದಲ್ಲಿಯೂ ಉಂಟು. 1951ರಲ್ಲಿ ರೀವಾದ ಕಾಡಿನಲ್ಲಿ ಒಂದು ಬಿಳಿ ಹುಲಿಮರಿ ಸೆರೆ ಸಿಕ್ಕಿತು. ಮೋಹನ್ ಎಂದು ಹೆಸರಿಟ್ಟರು. ಸಾಮಾನ್ಯ ಹೆಣ್ಣುಹುಲಿಯೊಡನೆ ಬಿಟ್ಟಾಗ ಹುಟ್ಟಿದ ಮರಿಗಳೆಲ್ಲ ಹಳದಿ. ನಂತರ ಅದೇ ಮರಿಗಳಲ್ಲಿ ಒಂದಾದ ರಾಧಾಳೊಡನೆ ಬಿಟ್ಟರು. 1958ರಲ್ಲಿ ನಾಲ್ಕು ಮರಿಗಳು ಹುಟ್ಟಿದವು, ನಾಲ್ಕೂ ಬಿಳಿ. ಲೆಕ್ಕದ ಪ್ರಕಾರ ಅರ್ಧದಷ್ಟು ಬಿಳಿಯಾಗಬೇಕಿತ್ತು. ನಾಲ್ಕಕ್ಕೆ ನಾಲ್ಕೂ ಆಗುವ ಸಂಭವ ಹದಿನಾರರಲ್ಲಿ ಒಂದು, ನಾಣ್ಯ ತೂರಿದಾಗ ಸತತ ನಾಲ್ಕು ಬಾರಿ ರಾಜನ ಮುಖ ಬಿದ್ದಂತೆ. ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಹೆಚ್ಚಿನವು ಈ ತಂದೆ-ಮಗಳ ಸಂತತಿ. ಮೆಳ್ಳೆಗಣ್ಣು ಮುಂತಾದ ತೊಂದರೆಗಳು ಅವುಗಳನ್ನು ಕಾಡುತ್ತವೆ. ಬಿಳಿ ಬಣ್ಣಕ್ಕೆ ಕಾರಣವಾದ ಒಂದೇ ಒಂದು ಬದಲಾವಣೆಯನ್ನು 2013ರಲ್ಲಿ ಗುರುತಿಸಲಾಯಿತು.

ಒಡಿಶಾದ ಸಿಮ್ಲಿಪಾಲ್ ಕಾಡಿನಲ್ಲಿ ಯಾರೂ ಯಾವ ಹುಲಿಯನ್ನೂ ಕೂಡಿಸಲಿಲ್ಲ. ಆದರೂ ಅಲ್ಲಿನ ಹಲವು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಬೆಸೆದು ಮೈ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು 2021ರಲ್ಲಿ ಇದರ ಮೂಲವನ್ನು ಕಂಡುಹಿಡಿದರು. ಟಾಕ್‌ಪೆಪ್ ಎಂಬ ಚಿತ್ತಾರದ ವಂಶವಾಹಿಯಲ್ಲಿ ಒಂದಕ್ಷರದ ಬದಲಾವಣೆ. ಅದೂ ಅಡಗಿದ ಗುಣವೇ. ಬೇರೆ ಕಾಡುಗಳಲ್ಲಿ ಕಾಣಸಿಗದ ಈ ಚಿತ್ತಾರ ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹುಲಿಗಳಲ್ಲಿದೆ. ಸಿಮ್ಲಿಪಾಲ್ ಉಳಿದ ಹುಲಿಕಾಡುಗಳಿಂದ ಕಡಿದುಹೋದ ದ್ವೀಪದಂತಾಗಿದೆ. ಇರುವ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಕೂಡಿದಾಗ ಅಡಗಿದ ಪ್ರತಿಗಳು ಒಂದಕ್ಕೊಂದು ಸಂಧಿಸುತ್ತವೆ. ಚಿಕ್ಕ ಗುಂಪಿನಲ್ಲಿ ಬರಿಯ ಆಕಸ್ಮಿಕದಿಂದಲೇ ಒಂದು ಪ್ರತಿ ಹೆಚ್ಚಿಬಿಡಬಹುದು.

ಡಾರ್ವಿನ್ನನ ಗಂಟು ಸಡಿಲವಾಗುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಟ್ರೆವೆಲಿಯನ್ನರ ನವಿಲುಗಳು ಒಂದು ಉದ್ಯಾನದ ಬೇಲಿಯೊಳಗಿನ ಚಿಕ್ಕ ಹಿಂಡು. ಹೊರಗಿನ ರಕ್ತ ಬರುವಂತಿರಲಿಲ್ಲ. ಅಡಗಿದ್ದ ಕಪ್ಪುಭುಜ ಅಂಥಲ್ಲಿ ಮೇಲೆ ಬರಲು ಬಲಶಾಲಿಯಾಗಬೇಕಿಲ್ಲ, ಜಗಳ ಗೆಲ್ಲಬೇಕಿಲ್ಲ. ಬೇಲಿ ಇದ್ದರೆ ಸಾಕು.

ಬಂಕಾಪುರದ ನವಿಲುಗಳಿಗೆ ರೆಕ್ಕೆಯಿದೆ, ಕೋಟೆಯ ಗೋಡೆ ಅವುಗಳಿಗೆ ಅಡ್ಡವಲ್ಲ. ಆದರೆ ಗೋಡೆಯಾಚೆಗೆ ಅವು ಹಾರಿಹೋಗಿ ಬೇರೆ ನವಿಲುಗಳನ್ನು ಕೂಡಲು ನಡುವೆ ಹಳ್ಳದ ಪೊದೆ, ಹೊಲದ ಬದುವಿನ ಮರ, ಕುರುಚಲು ಗುಡ್ಡ ಉಳಿದಿರಬೇಕು. ಶಿಗ್ಗಾವಿ, ಸವಣೂರು, ಹಾನಗಲ್ಲಗಳ ನಡುವಣ ಬಯಲಿನಲ್ಲಿ ಬದುಗಳನ್ನು ಸವರಿದಷ್ಟೂ, ವಿಷ ಲೇಪಿಸಿದ ಬಿತ್ತನೆ ಕಾಳು ಹೊಲದಲ್ಲಿ ಬಿದ್ದಷ್ಟೂ ಕೋಟೆ ದ್ವೀಪವಾಗುತ್ತದೆ. ಎಲ್ಲಿಯೋ ಸಾಕಿದ ಬಿಳಿ ಅಥವಾ ಹಂಡಬಂಡ ನವಿಲನ್ನು ಚೆಲುವಿಗೆಂದು ಅಲ್ಲಿ ತಂದು ಬಿಡುವುದೂ ಸಲ್ಲದು. ಅದರ ಪ್ರತಿಗಳು ಹಿಂಡಿನೊಳಗೆ ಸೇರಿ ಅಡಗಿದರೆ ಮತ್ತೆ ಆರಿಸಿ ತೆಗೆಯಲು ಯಾರಿಂದಲೂ ಆಗದು.

ಮಳೆಗಾಲ ಮುಗಿಯುತ್ತಿದ್ದಂತೆ ಗಂಡು ನವಿಲು ತನ್ನ ಉದ್ದ ಗರಿಗಳನ್ನೆಲ್ಲ ಉದುರಿಸುತ್ತದೆ. ಹಾವಿನ ಪೊರೆಯಂತೆ ಆ ಗರಿಯ ಬುಡದಲ್ಲಿಯೂ ಡಿಎನ್‌ಎ ಉಳಿದಿರುತ್ತದೆ. ಪಕ್ಷಿಯನ್ನು ಹಿಡಿಯದೆ, ಮುಟ್ಟದೆ, ಕೋಟೆಯೊಳಗಿನ ಹಿಂಡು ಹೊರಗಿನವುಗಳೊಡನೆ ಎಷ್ಟು ಬೆರೆಯುತ್ತಿದೆ ಎಂಬುದನ್ನು ಆ ಗರಿಯಿಂದಲೇ ಓದಬಹುದು. ಖಿಲಾರಿ ದನಗಳ ಮೇವಿನ ಹೊಲದಲ್ಲಿ ಅವು ಪ್ರತಿ ವರ್ಷವೂ ಉದುರುತ್ತವೆ.